ಆಂಟೆನಾ ಮೇಲೆ ಡಬ್ಬಿ ಬೋರಲು ಹಾಕಿ ದಕ್ಷತೆ ಅಳೆಯುವುದು: ಮೈನಸ್ ಉತ್ತರ ಬಂದವರಿಗೆ ಹಂತ ಹಂತದ ಮಾರ್ಗದರ್ಶಿ

ಆಂಟೆನಾದ ದಕ್ಷತೆ ಮೈನಸ್ 546 ಪರ್ಸೆಂಟ್. ಕಲಬುರಗಿಯ ನಮ್ಮ ಲ್ಯಾಬಿಗೆ ಒಂದು ಪ್ರಾಜೆಕ್ಟ್ ತಂಡ ಇದನ್ನು ವರದಿಯಲ್ಲಿ ಹಾಗೇ ಟೈಪ್ ಮಾಡಿ ತಂದಿತ್ತು. ತೊಗರಿ ಹೊಲದಲ್ಲಿ ಮಣ್ಣಿನ ತೇವ ಅಳೆದು ಕಳಿಸುವ ಪುಟ್ಟ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ) ಪೆಟ್ಟಿಗೆ ಅವರದ್ದು. ಪೆಟ್ಟಿಗೆ ನೋಡಲು ಚೆನ್ನಾಗಿತ್ತು, ಸಂದೇಶ ಮಾತ್ರ ಪಕ್ಕದ ಹೊಲ ದಾಟುತ್ತಿರಲಿಲ್ಲ. ಮುಂದಿನ ವಾರ ಬಂದ ಇನ್ನೊಂದು ತಂಡದ ಉತ್ತರ 112 ಪರ್ಸೆಂಟ್. ಅವರು ಖುಷಿಯಾಗಿದ್ದರು.

ಎಡವುವ ಜಾಗಗಳು ಎಲ್ಲರಿಗೂ ಒಂದೇ. ಡಬ್ಬಿಯ ಅಳತೆ, ಡಬ್ಬಿಯ ಅಂಚು, ಕೇಬಲ್, ಕೊನೆಗೆ ಸೂತ್ರ. ಅಳೆಯುವ ಕೆಲಸ ಹತ್ತು ನಿಮಿಷದ್ದು, ತಯಾರಿ ಒಂದಿಡೀ ದಿನದ್ದು. ಆ ದಿನವನ್ನು ಉಳಿಸಲು ಹೋದವರಿಗೇ ಮೈನಸ್ ಬರುತ್ತದೆ.

ಮೊದಲು ಏನು ಅಳೆಯುತ್ತಿದ್ದೇವೆ ಅಂತ ತಿಳಿಯಿರಿ

ಆಂಟೆನಾಕ್ಕೆ ಹೋದ ಶಕ್ತಿ ಎರಡು ದಾರಿ ಹಿಡಿಯುತ್ತದೆ. ಒಂದಿಷ್ಟು ಅಲೆಯಾಗಿ ಹೊರಗೆ ಹೋಗುತ್ತದೆ, ಉಳಿದದ್ದು ತಾಮ್ರದಲ್ಲಿ, ಬೋರ್ಡಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಬಿಸಿಯಾಗಿ ಸಾಯುತ್ತದೆ. ಹೊರಗೆ ಹೋದ ಪಾಲೇ ವಿಕಿರಣ ದಕ್ಷತೆ. ಎಸ್11 (ಕಳಿಸಿದ ಅಲೆಯಲ್ಲಿ ಆಂಟೆನಾದಿಂದ ತಿರುಗಿ ಬಂದ ಪಾಲು, ಕಡಿಮೆ ಇದ್ದಷ್ಟೂ ಒಳ್ಳೆಯದು) ಚೆನ್ನಾಗಿದೆ ಅಂದರೆ ದಕ್ಷತೆಯೂ ಚೆನ್ನಾಗಿದೆ ಅಂತ ಅರ್ಥ ಅಲ್ಲ. 50 ಓಮ್‌ನ ಡಮ್ಮಿ ಲೋಡಿಗೆ (ಶಕ್ತಿಯನ್ನೆಲ್ಲ ಬಿಸಿಯಾಗಿ ನುಂಗುವ ರೆಸಿಸ್ಟರ್) ಎಲ್ಲಕ್ಕಿಂತ ಒಳ್ಳೆಯ ಎಸ್11 ಬರುತ್ತದೆ, ಅದರ ದಕ್ಷತೆ ಸೊನ್ನೆ.

ವೀಲರ್ ಕ್ಯಾಪ್ ವಿಧಾನದ ಉಪಾಯ ಸರಳ. ಆಂಟೆನಾವನ್ನು ಸರಿಯಾದ ಅಳತೆಯ ಲೋಹದ ಡಬ್ಬಿಯಿಂದ ಮುಚ್ಚಿದರೆ ಅಲೆ ಹೊರಗೆ ಹೋಗಲಾರದು, ನಷ್ಟ ಮಾತ್ರ ಹಾಗೇ ಉಳಿಯುತ್ತದೆ. ಬಯಲಲ್ಲಿ ಅಳೆದ ರೋಧದಲ್ಲಿ ವಿಕಿರಣ ಮತ್ತು ನಷ್ಟ ಎರಡೂ ಇವೆ, ಡಬ್ಬಿಯೊಳಗೆ ಅಳೆದದ್ದರಲ್ಲಿ ನಷ್ಟ ಒಂದೇ. ಎರಡನ್ನೂ ಹೋಲಿಸಿದರೆ ಉತ್ತರ ಸಿಗುತ್ತದೆ.

ಬೇಕಾಗುವ ಸಾಮಾನು

ಒಂದು ವಿಎನ್ಎ (ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಎಸ್11 ಅಳೆಯುವ ಉಪಕರಣ). 433 ಅಥವಾ 866 ಮೆಗಾಹರ್ಟ್ಜ್‌ಗೆ ಅಗ್ಗದ ನ್ಯಾನೋ ವಿಎನ್ಎ ನಡೆಯುತ್ತದೆ, 2.45 ಗಿಗಾಹರ್ಟ್ಜ್‌ಗೆ 3 ಗಿಗಾಹರ್ಟ್ಜ್ ಅಥವಾ ಅದಕ್ಕೂ ಮೇಲೆ ಹೋಗುವ ಮಾದರಿ ಬೇಕು. ಅದರ ಜೊತೆ ಬರುವ ಓಪನ್, ಶಾರ್ಟ್, ಲೋಡ್ (ಉಪಕರಣವನ್ನು ಸರಿಹೊಂದಿಸಲು ಕೇಬಲಿನ ತುದಿಗೆ ಹಾಕುವ ತುಂಡುಗಳು) ಮೂರೂ ಇರಲಿ. ಗಟ್ಟಿ ಎಸ್ಎಂಎ (ತಿರುಗಿಸಿ ಬಿಗಿಯುವ ಪುಟ್ಟ ರೇಡಿಯೋ ಕನೆಕ್ಟರ್) ಕೇಬಲ್, ತಗಡಿಗೆ ತಿರುಪಿನಿಂದ ಕೂರಿಸುವ ಎಸ್ಎಂಎ ಕನೆಕ್ಟರ್, ಚಪ್ಪಟೆ ತಾಮ್ರದ ಅಥವಾ ಹಿತ್ತಾಳೆಯ ತಗಡು, ಡಬ್ಬಿ, ಹಳೆ ಕೇಬಲಿನಿಂದ ಬಿಚ್ಚಿದ ತಾಮ್ರದ ಜಾಲರಿ, ನಾಲ್ಕೈದು ಫೆರೈಟ್ ಮಣಿ (ಕೇಬಲಿನ ಹೊರಮೈಯ ಕರೆಂಟನ್ನು ತಡೆಯುವ ಕಾಂತೀಯ ಉಂಗುರ), ಕ್ಲ್ಯಾಂಪುಗಳು, ಮರಳು ಕಾಗದ. ಒಂದು 33 ಓಮ್‌ನ ಚಿಪ್ ರೆಸಿಸ್ಟರನ್ನೂ ತನ್ನಿ, ಯಾಕೆ ಅಂತ ಹಂತ 5ರಲ್ಲಿ ಹೇಳುತ್ತೇನೆ.

ಹಂತ 1: ಡಬ್ಬಿ ಕೊಳ್ಳುವ ಮೊದಲು ಲೆಕ್ಕ ಹಾಕಿ

ಡಬ್ಬಿಗೆ ಕೆಳಮಿತಿಯೂ ಇದೆ, ಮೇಲ್ಮಿತಿಯೂ ಇದೆ. ಮಕ್ಕಳು ಕೆಳಮಿತಿಯನ್ನು ಪಾಠದಲ್ಲಿ ಓದಿರುತ್ತಾರೆ. ಮೇಲ್ಮಿತಿಯನ್ನು ಮರೆಯುತ್ತಾರೆ.

ಕೆಳಮಿತಿ ಹೀಗೆ. ತರಂಗಾಂತರವನ್ನು 6.28ರಿಂದ ಭಾಗಿಸಿ. ಆಂಟೆನಾದಿಂದ ಡಬ್ಬಿಯ ಗೋಡೆ ಕನಿಷ್ಠ ಅಷ್ಟು ದೂರ ಇರಬೇಕು. 433 ಮೆಗಾಹರ್ಟ್ಜ್‌ಗೆ ಅದು 110 ಮಿ.ಮೀ., 866ಕ್ಕೆ 55 ಮಿ.ಮೀ., 2450ಕ್ಕೆ ಸುಮಾರು 20 ಮಿ.ಮೀ. ಇದಕ್ಕಿಂತ ಹತ್ತಿರ ಬಂದರೆ ಗೋಡೆ ಆಂಟೆನಾದ ಸುತ್ತಲಿನ ಕ್ಷೇತ್ರವನ್ನೇ ಕೆಡಿಸುತ್ತದೆ, ನಷ್ಟ ಮೊದಲಿನಷ್ಟೇ ಇದೆ ಅನ್ನುವ ನಮ್ಮ ನಂಬಿಕೆ ಸುಳ್ಳಾಗುತ್ತದೆ.

ಮೇಲ್ಮಿತಿ ಡಬ್ಬಿಯ ಸ್ವಂತ ಅನುರಣನದಿಂದ ಬರುತ್ತದೆ. ಮುಚ್ಚಿದ ಲೋಹದ ಡಬ್ಬಿ ಗಂಟೆಯ ಹಾಗೆ, ಅದಕ್ಕೆ ತನ್ನದೇ ನಾದ ಇರುತ್ತದೆ. ಚೌಕದ ಡಬ್ಬಿಯಾದರೆ ಉದ್ದದ ಎರಡು ಬದಿಗಳನ್ನು ಮಿ.ಮೀ.ನಲ್ಲಿ ಅಳೆಯಿರಿ. ಒಂದೊಂದರ ವಿಲೋಮದ ವರ್ಗ ತೆಗೆದು ಕೂಡಿಸಿ, ವರ್ಗಮೂಲ ತೆಗೆದು, 150ರಿಂದ ಗುಣಿಸಿ. ಬಂದದ್ದು ಗಿಗಾಹರ್ಟ್ಜ್‌ನಲ್ಲಿ ಡಬ್ಬಿಯ ಅತಿ ಕೆಳಗಿನ ಅನುರಣನ. ನಿಮ್ಮ ಆವರ್ತನ ಇದಕ್ಕಿಂತ ಸಾಕಷ್ಟು ಕೆಳಗಿರಬೇಕು. ನಾನು ಕನಿಷ್ಠ 1.3 ಪಟ್ಟು ಅಂತರ ಬಿಡುತ್ತೇನೆ, ಯಾಕಂದರೆ ಒಳಗೆ ಬೋರ್ಡು, ಪ್ಲಾಸ್ಟಿಕ್ ಇಟ್ಟ ಮೇಲೆ ಈ ಅನುರಣನ ಇನ್ನಷ್ಟು ಕೆಳಗೆ ಇಳಿಯುತ್ತದೆ.

ಈಗ ನಮ್ಮ ಕಡೆ ಸುಲಭವಾಗಿ ಸಿಗುವ ಎಣ್ಣೆ ಡಬ್ಬಿಯನ್ನೇ ತೆಗೆದುಕೊಳ್ಳಿ, 15 ಕೆಜಿಯದ್ದು. ಸುಮಾರು 235 × 235 × 350 ಮಿ.ಮೀ. ಇರುತ್ತದೆ, ನಿಮ್ಮದನ್ನು ಟೇಪ್ ಹಿಡಿದು ನೋಡಿ. ಲೆಕ್ಕ ಹಾಕಿದರೆ ಮೊದಲ ಅನುರಣನ 769 ಮೆಗಾಹರ್ಟ್ಜ್, ಅದರ ಮೇಲಿನದು 903. ನಮ್ಮ ಲೋರಾ ತಂಡ 866 ಮೆಗಾಹರ್ಟ್ಜ್ ಆಂಟೆನಾವನ್ನು ಇದರೊಳಗೆ ಇಟ್ಟಿತ್ತು, ಎರಡು ಅನುರಣನಗಳ ನಡುವೆ ಸಿಕ್ಕಿಸಿದ ಹಾಗೆ. ವಿಎನ್ಎ ತೆರೆಯ ರೇಖೆಯ ತುಂಬ ಸೂಜಿಗಳು ಬಂದವು. ವಿಎನ್ಎ ಕೆಟ್ಟಿದೆ ಅಂದುಕೊಂಡು ಮೂರು ದಿನ ಅದನ್ನೇ ಬಿಚ್ಚಿ ಜೋಡಿಸಿದರು.

ಅದೇ ಡಬ್ಬಿ 433 ಮೆಗಾಹರ್ಟ್ಜ್‌ಗೆ ಹೇಳಿ ಮಾಡಿಸಿದ ಹಾಗಿದೆ. ನಡುವಿನಿಂದ ಗೋಡೆಗೆ 117 ಮಿ.ಮೀ., ಬೇಕಾದದ್ದು 110. ಅನುರಣನವೂ ಎಷ್ಟೋ ಮೇಲಿದೆ. 866ಕ್ಕೆ 150 ಮಿ.ಮೀ.ನ ಘನ ಮಾಡಿಸಿ, ಅದರ ಅನುರಣನ 1.41 ಗಿಗಾಹರ್ಟ್ಜ್. 2450ಕ್ಕೆ 60 ಮಿ.ಮೀ.ನ ಘನ ಸಾಕು, 3.54 ಗಿಗಾಹರ್ಟ್ಜ್. ದೊಡ್ಡ ಡಬ್ಬಿ ಸುರಕ್ಷಿತ ಅಂತ ಇದಕ್ಕೆ 100 ಮಿ.ಮೀ.ನ ಘನ ಮಾಡಿಸಿದರೆ ಅನುರಣನ 2.12ಕ್ಕೆ ಇಳಿದು ಅಳತೆ ಹಾಳಾಗುತ್ತದೆ.

ದುಂಡು ಡಬರಿ ಇದ್ದರೆ 114.7ನ್ನು ತ್ರಿಜ್ಯದ ಮಿ.ಮೀ.ನಿಂದ ಭಾಗಿಸಿ, ಗಿಗಾಹರ್ಟ್ಜ್ ಸಿಗುತ್ತದೆ. ಎತ್ತರ ವ್ಯಾಸಕ್ಕಿಂತ ಜಾಸ್ತಿ ಇದ್ದರೆ ಈ ಲೆಕ್ಕ ಹಿಡಿಯಬೇಡಿ. ಆಗ ಬೇರೆ ಒಂದು ಅನುರಣನ ಇದಕ್ಕಿಂತ ಕೆಳಗೆ ಬಂದು ಕೂರುತ್ತದೆ.

ಹಂತ 2: ಅಂಚು ಕೂಡುವ ಕಡೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ತಗಡಿನ ದಪ್ಪದ ಚಿಂತೆ ಬೇಡ. 866 ಮೆಗಾಹರ್ಟ್ಜ್‌ನಲ್ಲಿ ತಾಮ್ರದೊಳಗೆ ಕರೆಂಟು ಹರಿಯುವುದು ಮೇಲಿನ ಎರಡು ಮೈಕ್ರಾನ್ ಚಿಲ್ಲರೆಯಲ್ಲಿ. ಅಡುಗೆ ಮನೆಯ ಫಾಯಿಲ್ ಕೂಡ ಅದಕ್ಕಿಂತ ದಪ್ಪ. ತೊಂದರೆ ಇರುವುದು ಡಬ್ಬಿಯ ಬಾಯಿ ಕೆಳಗಿನ ತಗಡನ್ನು ಮುಟ್ಟುವ ಕಡೆ. ಗೋಡೆಯಿಂದ ಇಳಿದ ಕರೆಂಟು ಅಲ್ಲಿ ದಾಟಬೇಕು. ಸಂದಿ ಇದ್ದರೆ ಅಲೆ ಸೋರುತ್ತದೆ. ತುಕ್ಕು, ಬಣ್ಣ ಇದ್ದರೆ ಶಕ್ತಿ ಅಲ್ಲೇ ಸುಡುತ್ತದೆ, ಆ ನಷ್ಟವನ್ನು ನಾವು ಆಂಟೆನಾದ ಲೆಕ್ಕಕ್ಕೆ ಬರೆಯುತ್ತೇವೆ.

ತಗಡಿನ ಕೆಲಸದ ಅಂಗಡಿಯಲ್ಲಿ ಬಾಯಿಯ ಸುತ್ತ 20 ಮಿ.ಮೀ. ಅಂಚನ್ನು ಹೊರಗೆ ಮಡಚಿಸಿ. ನಾನು ಮೊದಲ ಸಲ ಕೇಳಿದಾಗ ಅಂಗಡಿಯವರು ತಲೆ ಕೆರೆದುಕೊಂಡರು. "ಅಂಚು ಮಡಚು ಅಂತೀರಿ, ಮುಚ್ಚಳಾ ಬ್ಯಾಡ ಅಂತೀರಿ. ಇದರಾಗ ಏನ್ ಇಡ್ತೀರಿ ಸರ?" ಏನೂ ಇಡಲ್ಲ, ಬೋರಲು ಹಾಕ್ತೀನಿ ಅಂದೆ. ಚಹಾ ತರಿಸಿದರು, ಬಿಸಿಲಿಗೆ ಹೀಗಾಗಿದೆ ಅಂದುಕೊಂಡರೇನೋ.

ಅಂಚಿನ ಕೆಳಮೈಯನ್ನು ಹೊಳೆಯುವ ತನಕ ಮರಳು ಕಾಗದದಿಂದ ಉಜ್ಜಿ. ಕೆಳಗಿನ ಗ್ರೌಂಡ್ ತಗಡು ಡೊಂಕಿರಬಾರದು. ನಮ್ಮಲ್ಲಿ ಶಹಾಬಾದ್ ಫರ್ಸಿಗೆ ಬರ ಇಲ್ಲ, ಪಾಲಿಶ್ ಮಾಡಿದ ಒಂದು ತುಂಡಿನ ಮೇಲೆ ತಗಡನ್ನು ಇಟ್ಟು ಮರದ ಕೊಡತಿಯಿಂದ ತಟ್ಟಿ ನೇರ ಮಾಡಿ. ಅಳೆಯುವಾಗಲೂ ತಗಡಿನ ಕೆಳಗೆ ಅದೇ ಫರ್ಸಿ ಇರಲಿ, ಕನೆಕ್ಟರಿಗೆ ಮಾತ್ರ ತೂತು ಬೇಕು.

ಬೋಲ್ಟ್ ಹಾಕುವುದಾದರೆ ಎರಡು ಬೋಲ್ಟುಗಳ ನಡುವಿನ ಅಂತರ ತರಂಗಾಂತರದ ಇಪ್ಪತ್ತನೇ ಒಂದು ಭಾಗ ಮೀರಬಾರದು. 433ಕ್ಕೆ 35 ಮಿ.ಮೀ., 866ಕ್ಕೆ 17. 2450ಕ್ಕೆ 6 ಮಿ.ಮೀ., ಅದು ಆಗದ ಕೆಲಸ. ಅಲ್ಲಿ ಅಂಚಿನ ಕೆಳಗೆ ತಾಮ್ರದ ಜಾಲರಿಯನ್ನು ಸುತ್ತಲೂ ಇಟ್ಟು ಮೇಲಿನಿಂದ ಕ್ಲ್ಯಾಂಪ್ ಬಿಗಿಯಿರಿ. ನನಗೆ ಈಗ ಎಲ್ಲ ಆವರ್ತನಕ್ಕೂ ಜಾಲರಿಯೇ ಇಷ್ಟ, ಬೋಲ್ಟ್ ಬಿಚ್ಚಿ ಹಾಕುವ ರಗಳೆ ಇಲ್ಲ.

ತಾಮ್ರದ ಟೇಪ್ ಅಂಟಿಸುವವರು ಅದರ ಅಂಟು ಕರೆಂಟು ದಾಟಿಸುತ್ತದಾ ಅಂತ ಮಲ್ಟಿಮೀಟರಿನಲ್ಲಿ ನೋಡಿ. ಎಷ್ಟೋ ಟೇಪಿನ ಅಂಟು ದಾಟಿಸುವುದಿಲ್ಲ. ಇನ್ನೊಂದು, ಫೋನನ್ನು ಒಳಗಿಟ್ಟು ರಿಂಗ್ ಆಗಲಿಲ್ಲ, ಡಬ್ಬಿ ಪಾಸ್ ಅನ್ನುವ ಪರೀಕ್ಷೆ ಸಾಲದು. ಅದು ಸೋರಿಕೆಯ ಬಗ್ಗೆ ಒಂದಿಷ್ಟು ಹೇಳುತ್ತದೆ, ಕೂಡುವ ಕಡೆ ಸುಡುವ ಶಕ್ತಿಯ ಬಗ್ಗೆ ಏನೂ ಹೇಳುವುದಿಲ್ಲ.

ಹಂತ 3: ಕೇಬಲನ್ನು ಆಂಟೆನಾ ಆಗಲು ಬಿಡಬೇಡಿ

ಮೋನೋಪೋಲ್ (ತಗಡಿನ ಮೇಲೆ ನೆಟ್ಟಗೆ ನಿಂತ ಒಂದೇ ತಂತಿ) ಥರದ ಆಂಟೆನಾ ಆದರೆ ಸುಲಭ. ತಗಡಿನ ನಡುವೆ ಕನೆಕ್ಟರ್, ಆಂಟೆನಾ ಮೇಲೆ, ಕೇಬಲ್ ಕೆಳಗೆ.

ಬೋರ್ಡಿನ ಮೇಲೇ ಅಚ್ಚಾದ ಆಂಟೆನಾ ಇದ್ದಾಗ ಕಷ್ಟ. ಬೋರ್ಡಿನ ಗ್ರೌಂಡ್ ಚಿಕ್ಕದು, ಕರೆಂಟು ಕೇಬಲಿನ ಹೊರಮೈಯನ್ನು ಹಿಡಿದು ಹರಿಯುತ್ತದೆ. ಬಯಲಲ್ಲಿ ಆ ಕೇಬಲೂ ಅಲೆ ಬಿಡುತ್ತದೆ, ಡಬ್ಬಿಯಲ್ಲಿ ಇಟ್ಟಾಗ ಅದರ ಹೊರಗಿನ ಭಾಗ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಅಂದರೆ ನೀವು ಎರಡು ಬೇರೆ ಆಂಟೆನಾಗಳನ್ನು ಹೋಲಿಸುತ್ತಿದ್ದೀರಿ. ಬೋರ್ಡಿನ ಪಕ್ಕದಲ್ಲೇ ಕೇಬಲಿಗೆ ಫೆರೈಟ್ ಮಣಿ ಹಾಕಿ. ಡಬ್ಬಿಯೊಳಗೆ ಹೋಗುವ ತೂತಿನಲ್ಲಿ ಕೇಬಲಿನ ಹೊರ ಜಾಲರಿ ಗೋಡೆಗೆ ಸುತ್ತಲೂ ಮುಟ್ಟಿರಬೇಕು, ಬೆಸುಗೆ ಹಾಕಿದ ಕನೆಕ್ಟರ್ ಆದರೆ ಒಳ್ಳೆಯದು. ಸುಮ್ನೆ ತೂತು ಕೊರೆದು ಕೇಬಲ್ ತೂರಿಸಿದರೆ ಅದೇ ಸೋರುವ ದಾರಿ.

ಪರೀಕ್ಷೆ ಸುಲಭ. ತೆರೆಯ ಮೇಲೆ ಎಸ್11 ನೋಡುತ್ತಾ ಕೇಬಲನ್ನು ಅಂಗೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಸವರಿ. ರೇಖೆ ಅಲುಗಿದರೆ ಇನ್ನೊಂದು ಮಣಿ ಹಾಕಿ.

ಹಂತ 4: ಕ್ಯಾಲಿಬ್ರೇಶನ್ ಒಂದೇ ಸಲ

ವಿಎನ್ಎ ಆನ್ ಮಾಡಿ ಅರ್ಧ ಗಂಟೆ ಬಿಡಿ. ಆವರ್ತನದ ವ್ಯಾಪ್ತಿಯನ್ನು ಮೊದಲೇ ಕಿರಿದು ಮಾಡಿ, 866ಕ್ಕೆ 800ರಿಂದ 930 ಸಾಕು. 101 ಬಿಂದುಗಳನ್ನು 1 ಗಿಗಾಹರ್ಟ್ಜ್ ಉದ್ದಕ್ಕೆ ಹರಡಿದರೆ ಬಿಂದುವಿಗೂ ಬಿಂದುವಿಗೂ 10 ಮೆಗಾಹರ್ಟ್ಜ್ ಅಂತರ, ಡಬ್ಬಿಯೊಳಗೆ ಅಳೆದ ರೇಖೆಯ ಕಿರಿದಾದ ಗುಂಡಿ ಅದರ ನಡುವೆ ಮಾಯವಾಗುತ್ತದೆ. ಆಮೇಲೆ ಕೇಬಲಿನ ತುದಿಯಲ್ಲಿ ಓಪನ್, ಶಾರ್ಟ್, ಲೋಡ್ ಒಂದೊಂದಾಗಿ ಹಾಕಿ ಕ್ಯಾಲಿಬ್ರೇಟ್ ಮಾಡಿ, ಅಂದರೆ ಉಪಕರಣವನ್ನು ಸರಿಹೊಂದಿಸಿ.

ಎಷ್ಟು ಚೊಕ್ಕವಾಗಿರಬೇಕು? ಡಬ್ಬಿಯೊಳಗೆ ರೋಧ 1 ಓಮ್ ಆದರೆ ಎಸ್11 ಮೈನಸ್ 0.35 ಡಿಬಿ (ಡೆಸಿಬೆಲ್). 2 ಓಮ್ ಆದರೆ ಮೈನಸ್ 0.70. ಅಂದರೆ ಡಿಬಿಯ ಮೂರನೇ ಒಂದು ಭಾಗ ತಪ್ಪಿದರೆ ನಷ್ಟ ದುಪ್ಪಟ್ಟಾಗಿ ಕಾಣುತ್ತದೆ. ಶಾರ್ಟನ್ನು ಮತ್ತೆ ಹಾಕಿ ನೋಡಿದಾಗ ಸೊನ್ನೆಯಿಂದ 0.05 ಡಿಬಿಗಿಂತ ಜಾಸ್ತಿ ಸರಿದಿದ್ದರೆ ಕ್ಯಾಲಿಬ್ರೇಶನ್ ಮತ್ತೆ ಮಾಡಿ.

ನಮ್ಮೂರಿನ ಬೇಸಿಗೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು. ಒಳಗೆ ಫ್ಯಾನಿನ ಕೆಳಗೆ ಕ್ಯಾಲಿಬ್ರೇಟ್ ಮಾಡಿ, ಮಧ್ಯಾಹ್ನದ ಮಾಳಿಗೆಗೆ ಒಯ್ದು ಅಳೆದರೆ ಕೇಬಲೂ ಉಪಕರಣವೂ ಬೇರೆಯಾಗಿರುತ್ತವೆ. ಬೆಳಗ್ಗೆ ಏಳಕ್ಕೆ ಮಾಳಿಗೆಯಲ್ಲೇ ಕ್ಯಾಲಿಬ್ರೇಟ್ ಮಾಡಿ, ಅಲ್ಲೇ ಅಳೆದು ಇಳಿಯಿರಿ. ಬಯಲಿನ ಅಳತೆಗೂ ಡಬ್ಬಿಯ ಅಳತೆಗೂ ನಡುವೆ ಮಾತ್ರ ಎಂದೂ ಹೊಸ ಕ್ಯಾಲಿಬ್ರೇಶನ್ ಬೇಡ.

ಹಂತ 5: ಉತ್ತರ ಗೊತ್ತಿರುವ ಆಂಟೆನಾದಿಂದ ಶುರು ಮಾಡಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಆದರೆ ಡಬ್ಬಿಯನ್ನು ನಂಬಬಹುದಾ ಅಂತ ಹೇಳುವುದು ಇದೊಂದೇ.

2 ಮಿ.ಮೀ. ತಾಮ್ರದ ತಂತಿಯಿಂದ ಕಾಲು ತರಂಗಾಂತರದ ಮೋನೋಪೋಲ್ ಮಾಡಿ. 866ಕ್ಕೆ 82 ಮಿ.ಮೀ. ಹತ್ತಿರ ಬರುತ್ತದೆ, ಸ್ವಲ್ಪ ಉದ್ದ ಕತ್ತರಿಸಿ ಆಮೇಲೆ ಸವೆಸಿ. ಇದರ ದಕ್ಷತೆ 95 ಪರ್ಸೆಂಟಿಗಿಂತ ಮೇಲಿರಬೇಕು. 88 ಬಂತಾ? ಆ ಕೊರತೆ ಡಬ್ಬಿಯದ್ದು, ಆಂಟೆನಾದ್ದಲ್ಲ. 433ಕ್ಕೆ ಎಣ್ಣೆ ಡಬ್ಬಿ ಬಳಸಿದಾಗ ಇಂಥ ಕೊರತೆ ಬರಬಹುದು. ಅದರ ತವರದ ಲೇಪ ತೀರಾ ತೆಳು, ಕರೆಂಟು ಕೆಳಗಿನ ಕಬ್ಬಿಣಕ್ಕೆ ಇಳಿಯುತ್ತದೆ.

ಈಗ ಅದೇ ಮೋನೋಪೋಲಿನ ಬುಡವನ್ನು ಕತ್ತರಿಸಿ 33 ಓಮ್ ಚಿಪ್ ರೆಸಿಸ್ಟರನ್ನು ಸರಣಿಯಲ್ಲಿ ಬೆಸೆಯಿರಿ. ದೊಡ್ಡ ತಗಡಿನ ಮೇಲೆ ಕಾಲು ತರಂಗದ ಮೋನೋಪೋಲಿನ ವಿಕಿರಣ ರೋಧ ಸುಮಾರು 36 ಓಮ್. ಹಾಗಾದರೆ ದಕ್ಷತೆ 52 ಪರ್ಸೆಂಟಿನ ಸುತ್ತಮುತ್ತ ಬರಬೇಕು. ಡಬ್ಬಿಯೊಳಗೆ ರೋಧ 33ಕ್ಕೆ ಹತ್ತಿರ ಕಾಣಬೇಕು. ಈ ಎರಡೂ ಬಂದರೆ ನಿಮ್ಮ ಡಬ್ಬಿ, ಅಂಚು, ಕೇಬಲ್ ಮೂರೂ ಸರಿ. ಬರದಿದ್ದರೆ ಮುಂದೆ ಹೋಗಬೇಡಿ, ಹಂತ 2ಕ್ಕೆ ಮರಳಿ.

ಹಂತ 6: ಅಳೆಯಿರಿ

ಮಾಳಿಗೆಯ ನಡುವೆ, ನೀರಿನ ಟ್ಯಾಂಕ್, ಬಟ್ಟೆ ಒಣಗಿಸುವ ತಂತಿ, ಕಬ್ಬಿಣದ ಏಣಿ ಇವುಗಳಿಂದ ಎರಡು ಮೀಟರಾದರೂ ದೂರ ಇಡಿ. ಬಯಲಿನ ಅಳತೆ ತೆಗೆದು ಫೈಲ್ ಉಳಿಸಿ. ಡಬ್ಬಿ ಬೋರಲು ಹಾಕಿ, ಕ್ಲ್ಯಾಂಪ್ ಬಿಗಿದು, ಮತ್ತೊಂದು ಫೈಲ್. ಡಬ್ಬಿ ತೆಗೆದು ಮತ್ತೆ ಬಯಲು. ಹೀಗೆ ಐದು ಜೋಡಿ. ಐದು ಬಯಲಿನ ಅಳತೆ ಒಟ್ಟಿಗೆ, ಐದು ಡಬ್ಬಿಯ ಅಳತೆ ಒಟ್ಟಿಗೆ ತೆಗೆದರೆ ಬಿಸಿಲೇರಿದ್ದು ಗೊತ್ತಾಗದೇ ಹೋಗುತ್ತದೆ. ಎಸ್11ನ ಗಾತ್ರ ಮಾತ್ರ ಬರೆದುಕೊಂಡು ಬರಬೇಡಿ, ಫೇಸ್ (ತಿರುಗಿ ಬಂದ ಅಲೆ ಎಷ್ಟು ಸರಿದಿದೆ ಅನ್ನುವುದು) ಇಲ್ಲದೆ ಮುಂದಿನ ಹಂತ ಆಗುವುದಿಲ್ಲ.

ಡಬ್ಬಿ ಹಾಕಿದಾಗ ಆಂಟೆನಾದ ಅನುರಣನ ಸ್ವಲ್ಪ ಸರಿಯುತ್ತದೆ, ಗಾಬರಿ ಬೇಡ. ಎರಡರಲ್ಲೂ ಅವುಗಳದ್ದೇ ಅನುರಣನದ ಬಿಂದುವಿನಲ್ಲಿ, ಅಂದರೆ ರಿಯಾಕ್ಟೆನ್ಸ್ (ಶಕ್ತಿಯನ್ನು ಸುಡದೆ ಹಿಡಿದು ಬಿಡುವ ಅಡ್ಡಿ) ಸೊನ್ನೆಯಾಗುವ ಕಡೆ, ರೋಧ ಓದಿ. ಐದು ಪರ್ಸೆಂಟಿಗಿಂತ ಜಾಸ್ತಿ ಸರಿದಿದ್ದರೆ ಡಬ್ಬಿ ಚಿಕ್ಕದು.

ಹಂತ 7: ಸ್ಮಿತ್ ಚಾರ್ಟ್ ನೋಡದೆ ಸೂತ್ರ ಹಾಕಬೇಡಿ

ಮೈನಸ್ 546 ಹುಟ್ಟಿದ್ದು ಇಲ್ಲೇ. ಆಂಟೆನಾ ಎರಡು ಥರ ವರ್ತಿಸಬಹುದು. ನಷ್ಟ ಸರಣಿಯಲ್ಲಿ ಇರುವ ಹಾಗೆ, ಇಲ್ಲವೇ ಸಮಾಂತರದಲ್ಲಿ ಇರುವ ಹಾಗೆ. ಡಬ್ಬಿಯ ಅಳತೆಯನ್ನು ಸ್ಮಿತ್ ಚಾರ್ಟಿನಲ್ಲಿ (ರೋಧ, ರಿಯಾಕ್ಟೆನ್ಸ್ ಎರಡನ್ನೂ ಒಟ್ಟಿಗೆ ತೋರಿಸುವ ದುಂಡು ನಕ್ಷೆ) ತೆರೆಯಿರಿ. ರೇಖೆ ನಡುಗೆರೆಯನ್ನು ಎಡತುದಿಯಲ್ಲಿ ದಾಟಿದರೆ ರೋಧ ಕಡಿಮೆ, ಅದು ಸರಣಿ. ಬಲತುದಿಯಲ್ಲಿ ದಾಟಿದರೆ ರೋಧ ಜಾಸ್ತಿ, ಅದು ಸಮಾಂತರ.

ಸರಣಿಗೆ: ದಕ್ಷತೆ = (ಬಯಲಿನ ರೋಧ − ಡಬ್ಬಿಯ ರೋಧ) ÷ ಬಯಲಿನ ರೋಧ.

ಸಮಾಂತರಕ್ಕೆ: ದಕ್ಷತೆ = 1 − (ಬಯಲಿನ ರೋಧ ÷ ಡಬ್ಬಿಯ ರೋಧ).

ಆ ತಂಡ ಎರಡನೇ ಸಲ, ಸರಿಯಾದ ಡಬ್ಬಿಯಲ್ಲಿ, ಅಳೆದದ್ದು ಬಯಲಲ್ಲಿ 48 ಓಮ್, ಡಬ್ಬಿಯಲ್ಲಿ 310. ಸರಣಿಯ ಸೂತ್ರಕ್ಕೆ ಹಾಕಿದರು, ಮೈನಸ್ 546 ಬಂತು. ಸಮಾಂತರದ ಸೂತ್ರಕ್ಕೆ ಅದೇ ಅಂಕಿ ಹಾಕಿದರೆ 85 ಪರ್ಸೆಂಟ್. ಅಳತೆಯಲ್ಲಿ ತಪ್ಪೇ ಇರಲಿಲ್ಲ.

ರೇಖೆ ಎಡಕ್ಕೂ ಬಲಕ್ಕೂ ಸೇರದೆ ಓರೆಯಾಗಿ ನಿಂತರೆ, ಕನೆಕ್ಟರಿಗೂ ಆಂಟೆನಾಕ್ಕೂ ನಡುವಿನ ತಂತಿ ಅದನ್ನು ತಿರುಗಿಸಿದೆ. ವಿಎನ್ಎಯ ಎಲೆಕ್ಟ್ರಿಕಲ್ ಡಿಲೇಯನ್ನು (ಆ ತಂತಿಯ ಉದ್ದವನ್ನು ಲೆಕ್ಕದಿಂದ ಕಳೆಯುವ ಸೆಟ್ಟಿಂಗ್) ಹೊಂದಿಸಿ ರೇಖೆಯನ್ನು ನೇರ ಮಾಡಿ. ಬಯಲಿಗೂ ಡಬ್ಬಿಗೂ ಒಂದೇ ಡಿಲೇ ಇರಲಿ.

ಗಾತ್ರ ಮಾತ್ರ ಹಿಡಿದು ಮಾಡುವ ಒಂದು ಅಡ್ಡದಾರಿ ಇದೆ: ಡಬ್ಬಿಯ ಎಸ್11ನ ವರ್ಗದಿಂದ ಬಯಲಿನ ಎಸ್11ನ ವರ್ಗ ಕಳೆದು, 1ರಿಂದ ಬಯಲಿನ ವರ್ಗ ಕಳೆದದ್ದರಿಂದ ಭಾಗಿಸುವುದು. ಬಯಲಲ್ಲಿ 41 ಓಮ್, ಡಬ್ಬಿಯಲ್ಲಿ 4.5 ಓಮ್ ಬಂದ ಸರಣಿ ಆಂಟೆನಾಕ್ಕೆ ಎರಡನ್ನೂ ಹಾಕಿ ನೋಡಿ. ರೋಧದ ಸೂತ್ರ 89 ಅನ್ನುತ್ತದೆ, ಅಡ್ಡದಾರಿ 69 ಅನ್ನುತ್ತದೆ. ಡಬ್ಬಿ ಮುಚ್ಚಿದಾಗ ಹೊಂದಾಣಿಕೆ ಬದಲಾಗಿ ಆಂಟೆನಾದ ಕರೆಂಟು ಏರುತ್ತದೆ, ನಷ್ಟವೂ ಏರುತ್ತದೆ. ಆ ಸೂತ್ರಕ್ಕೆ ಇದು ಗೊತ್ತಿಲ್ಲ. ನಾನು ಅದನ್ನು ಬಳಸುವುದು ಬಿಟ್ಟು ಬಹಳ ದಿನ ಆಯಿತು.

ಎಚ್ಚರಿಕೆಯ ಗುರುತುಗಳು

ಡಬ್ಬಿಯ ಹೊರಗೆ ಅಂಚಿನ ಮೇಲೆ ಕೈ ಇಟ್ಟಾಗ ರೇಖೆ ಅಲುಗಿದರೆ ಸೋರುತ್ತಿದೆ. ಒಂದೇ ಆವರ್ತನದಲ್ಲಿ ದಕ್ಷತೆ ದಿಢೀರನೆ ಕುಸಿದು ಮತ್ತೆ ಏರಿದರೆ ಅದು ಡಬ್ಬಿಯ ಅನುರಣನ, ಆಂಟೆನಾದ ಗುಣ ಅಲ್ಲ. ಡಬ್ಬಿಯನ್ನು ಬೇರೆ ಅಳತೆಯದ್ದಕ್ಕೆ ಬದಲಿಸಿದಾಗ ಕುಸಿತವೂ ಜಾಗ ಬದಲಿಸಿದರೆ ಖಾತ್ರಿ. 100 ದಾಟಿದರೆ ಮೊದಲು ಕ್ಯಾಲಿಬ್ರೇಶನ್ ನೋಡಿ, ಆಮೇಲೆ ಕೇಬಲ್. 112ರ ತಂಡ ಎರಡು ಅಳತೆಗಳ ನಡುವೆ ಊಟಕ್ಕೆ ಹೋಗಿ ಬಂದು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿತ್ತು.

ದಕ್ಷತೆ ತೀರಾ ಕಡಿಮೆ ಇರುವ ಆಂಟೆನಾದಲ್ಲಿ ಹುಷಾರು. ಬಯಲಲ್ಲಿ 20 ಓಮ್, ಡಬ್ಬಿಯಲ್ಲಿ 19 ಆದರೆ ಉತ್ತರ 5 ಪರ್ಸೆಂಟ್. ಅರ್ಧ ಓಮ್ ಆಚೀಚೆ ಆದರೆ ಅದು ಎರಡೂವರೆಯೂ ಆಗಬಹುದು, ಏಳೂವರೆಯೂ ಆಗಬಹುದು. ಅಲ್ಲಿ "10ಕ್ಕಿಂತ ಕಡಿಮೆ" ಅಂತ ಬರೆದು ಬಿಡುವುದು ಪ್ರಾಮಾಣಿಕ ಕೆಲಸ.

ಡಬ್ಬಿ ಸಾಲದೇ ಹೋದಾಗ

ಆಂಟೆನಾ ದೊಡ್ಡದಿದ್ದರೆ, ಅಥವಾ ಹಲವು ಬ್ಯಾಂಡಿನದ್ದಾದರೆ, ಎರಡು ಮಿತಿಗಳ ನಡುವೆ ಡಬ್ಬಿ ಸಿಗುವುದಿಲ್ಲ. ಆಗ ಗೋಡೆ ಜಾರುವ ಉದ್ದನೆಯ ಲೋಹದ ಪೆಟ್ಟಿಗೆ ಮಾಡಿ, ಗೋಡೆಯನ್ನು ಹತ್ತಾರು ಜಾಗದಲ್ಲಿ ನಿಲ್ಲಿಸಿ ಎಸ್11 ತೆಗೆಯಿರಿ. ಸ್ಮಿತ್ ಚಾರ್ಟಿನ ಮೇಲೆ ಆ ಬಿಂದುಗಳು ಒಂದು ವೃತ್ತ ಬರೆಯುತ್ತವೆ. ಬಯಲಿನ ಬಿಂದುವಿನಿಂದ ವೃತ್ತಕ್ಕೆ ಅತಿ ಹತ್ತಿರದ ದೂರ, ಅತಿ ಹೆಚ್ಚಿನ ದೂರ ಅಳೆಯಿರಿ. ಎರಡರ ವಿಲೋಮಗಳನ್ನು ಕೂಡಿಸಿ, 2ನ್ನು ಆ ಮೊತ್ತದಿಂದ ಭಾಗಿಸಿ, ಬಂದದ್ದನ್ನು (1 − ಬಯಲಿನ ಎಸ್11ನ ವರ್ಗ)ದಿಂದ ಭಾಗಿಸಿ. ಸರಣಿಯೋ ಸಮಾಂತರವೋ ಅನ್ನುವ ಜಗಳ ಇಲ್ಲಿ ಇಲ್ಲ. ಜಾರುವ ಗೋಡೆಯ ಅಂಚು ಮಾತ್ರ ಹಂತ 2ಕ್ಕಿಂತ ನಾಲ್ಕು ಪಟ್ಟು ಕಾಡುತ್ತದೆ.

ಕೊನೆಯ ಹಂತ: ಪೆಟ್ಟಿಗೆಯ ಜೊತೆಗೇ ಅಳೆಯಿರಿ

85 ಪರ್ಸೆಂಟ್ ಬಂದ ಮೇಲೂ ಹೊಲದಲ್ಲಿ ಸಂದೇಶ ದಾಟಲಿಲ್ಲ, ಅಲ್ವಾ? ತಂಡ ಅಳೆದದ್ದು ಬರೀ ಆಂಟೆನಾ. ಬ್ಯಾಟರಿ, ಪ್ಲಾಸ್ಟಿಕ್ ಪೆಟ್ಟಿಗೆ, ಸೆನ್ಸರಿನ ತಂತಿ ಎಲ್ಲ ಜೋಡಿಸಿ ಮತ್ತೆ ಡಬ್ಬಿ ಹಾಕಿಸಿದೆ. 31 ಬಂತು. ನಾಲ್ಕು ಡಿಬಿಗೂ ಜಾಸ್ತಿ ಹೋಗಿತ್ತು. ಬ್ಯಾಟರಿ ಆಂಟೆನಾಕ್ಕೆ ಒತ್ತಿಕೊಂಡೇ ಕೂತಿತ್ತು. ಅದನ್ನು ಪೆಟ್ಟಿಗೆಯ ಇನ್ನೊಂದು ಮೂಲೆಗೆ ಸರಿಸಿ ಸ್ಪಂಜಿನಿಂದ ಒತ್ತಿ ಕೂರಿಸಿದರು, ಮತ್ತೆ ಅಳೆದಾಗ 72.